ದಳವಾಯಿಯ ತಾರೀಖು

ನಮ್ಮೂರಿನಲ್ಲಿ ದೊಡ್ಡವರು ಸಾಯುವುದು ಡಿಸೆಂಬರ್ ಒಂಬತ್ತಕ್ಕೆ. ವರ್ಷ ಯಾವುದಾದರೂ ಇರಲಿ, ದಿನ ಮಾತ್ರ ಅದೇ. ಪ್ರಧಾನರು, ಮಂತ್ರಿಗಳು, ದಳವಾಯಿಗಳು, ಒಟ್ಟಿನಲ್ಲಿ ಊರು ಆಳಿದವರು ಮತ್ತು ದಂಡು ನಡೆಸಿದವರು ಆ ದಿನ ಬಿಟ್ಟು ಬೇರೆ ದಿನ ಕಣ್ಣು ಮುಚ್ಚಿದ್ದನ್ನು ಯಾರೂ ಕಂಡಿಲ್ಲ. ನಮ್ಮಂಥವರಿಗೆ ಈ ಕಟ್ಟುಪಾಡಿಲ್ಲ. ನಾವು ಪುರುಸೊತ್ತಾದಾಗ ಸಾಯುತ್ತೇವೆ.

ನಾನು ಮೋನಪ್ಪ, ಕಲ್ಲು ಕೆತ್ತುವವನು. ಈ ಏರ್ಪಾಡಿನಿಂದ ಊರಲ್ಲಿ ಯಾರಿಗಾದರೂ ಸುಖವಿದ್ದರೆ ಅದು ನನಗೆ. ಕೆಲಸ ಕಡಿಮೆಯಿದ್ದಾಗ ಏಳೆಂಟು ಕಲ್ಲು ನಯ ಮಾಡಿ, 'ಡಿಸೆಂಬರ್ ಒಂಬತ್ತು' ಎಂದು ಮೊದಲೇ ಕೆತ್ತಿ ಗೋಡೆಗೆ ಒರಗಿಸಿಬಿಡುತ್ತೇನೆ. ಹೆಸರು, ವರ್ಷ ಆಮೇಲೆ. ನಮ್ಮಪ್ಪ ಹೋಗುವಾಗ ನನಗೆ ಬಿಟ್ಟದ್ದು ಹನ್ನೆರಡು ಉಳಿ, ಎರಡು ಸುತ್ತಿಗೆ, ತಾರೀಖು ಕೆತ್ತಿಟ್ಟ ಐದು ಕಲ್ಲು. ಸತ್ತ ದೊಡ್ಡವರ ಕಲ್ಲುಗಳನ್ನು ಕೋಟೆ ಬಾಗಿಲಿನಿಂದ ಹೊಳೆಯ ದಂಡೆಯವರೆಗೆ ಒಂದರ ಪಕ್ಕ ಒಂದು ನೆಟ್ಟಿದ್ದಾರೆ. ಅದಕ್ಕೆ ನಾವು 'ಸಾಲು' ಅಂತಲೇ ಅನ್ನುತ್ತೇವೆ. ಸಾಲು ಸೇರುವುದು ಅಂದರೆ ದೊಡ್ಡವರಾಗಿ ಸಾಯುವುದು.

ಉಳಿದ ಮುನ್ನೂರ ಅರವತ್ತನಾಲ್ಕು ದಿನ ನಮ್ಮ ದೊಡ್ಡವರಿಗೆ ಯಮನ ಹಂಗಿಲ್ಲ. ಪ್ರಧಾನ ತೋಟಪ್ಪನವರು ಹೊಳೆಗೆ ನೆರೆ ಬಂದಾಗಲೇ ಈಜಲು ಇಳಿಯುತ್ತಾರೆ. ಒಬ್ಬ ಮಂತ್ರಿಗಳು ನಾಗರಹಾವನ್ನು ಬರಿಗೈಯಲ್ಲಿ ಹಿಡಿದು ಕಚ್ಚಿಸಿಕೊಂಡು, ಎರಡು ದಿನ ಬಾಯಲ್ಲಿ ನೊರೆ ಬಿಟ್ಟು, ಮೂರನೆಯ ದಿನ ಏನೂ ಆಗದವರಂತೆ ಕಚೇರಿಗೆ ಬಂದರು. ಆದರೆ ಒಂಬತ್ತು ಬಂತೆಂದರೆ ಈ ಹುಲಿಗಳೆಲ್ಲ ಇಲಿಗಳು. ನಡುಮನೆಯಲ್ಲಿ ಹಾಸಿಗೆ ಹಾಸಿ ಅದರ ಮಧ್ಯೆ ಕೂತುಬಿಡುತ್ತಾರೆ. ಸೋಸಿದ ಗಂಜಿ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಅಂದು ಕ್ಷೌರಿಕನನ್ನೂ ಹೆಂಡತಿಯ ತಮ್ಮನನ್ನೂ ಹೊಸ್ತಿಲು ದಾಟಲು ಬಿಡುವುದಿಲ್ಲ. ಇಷ್ಟಾದರೂ ಎರಡು ಮೂರು ವರ್ಷಕ್ಕೊಬ್ಬರು ಆ ಗಂಜಿಯೇ ನೆತ್ತಿಗೇರಿ ಹೋಗುವುದುಂಟು. ಆಡಳಿತ ಪಕ್ಷದವರೂ ವಿರೋಧ ಪಕ್ಷದವರೂ ಅದೇ ದಿನ ಹೋಗಬೇಕಾದ್ದರಿಂದ ಪುಣ್ಯತಿಥಿಗೆ ಒಂದೇ ಚಪ್ಪರ, ಒಂದೇ ಮೈಕು. ಇಪ್ಪತ್ತು ವರ್ಷ ಬೈದಾಡಿಕೊಂಡವರ ಫೋಟೋಗಳಿಗೆ ಒಂದೇ ಉದ್ದನೆಯ ಹಾರ ಹಾಕಿ ಕೈ ಮುಗಿಯುತ್ತಾರೆ.

ತಪ್ಪಿದ್ದು ಒಬ್ಬರೇ. ನಾನು ಚಿಕ್ಕವನಿದ್ದಾಗ ಒಬ್ಬ ಕಂದಾಯ ಮಂತ್ರಿಗಳು ಮಾರ್ಚ್ ನಾಲ್ಕಕ್ಕೆ ತೀರಿಕೊಂಡರು. ಊರಿಗೆ ಊರೇ ದಂಗಾಯಿತು. ಹಾಗಾದರೆ ಇವರು ದೊಡ್ಡವರೇ ಅಲ್ಲ ಅನ್ನುವುದು ಸಂಜೆಯೊಳಗೆ ತೀರ್ಮಾನವಾಯಿತು. ಚಾವಡಿಯಲ್ಲಿದ್ದ ಅವರ ಫೋಟೋ ಇಳಿಸಿದರು. ಅವರ ಹೆಸರಿನ ರಸ್ತೆ ಹಾಲಿನ ಡೈರಿ ರಸ್ತೆ ಆಯಿತು. ಬದುಕಿದ್ದಾಗಲೇ ಹೆಮ್ಮೆಯಿಂದ ಮಾಡಿಸಿಟ್ಟುಕೊಂಡಿದ್ದ ಕಲ್ಲನ್ನು ಹೊಳೆಯಲ್ಲಿ ಬಟ್ಟೆ ಒಗೆಯಲು ಹಾಕಿಕೊಂಡರು. ಅವರ ಮನೆಯವರು ಇವತ್ತಿಗೂ ಗೋಡೆ ಪಕ್ಕಕ್ಕೇ ನಡೆಯುತ್ತಾರೆ.

ಇಷ್ಟು ಹೇಳಿದ್ದು ದಳವಾಯಿ ಪರ್ವತಗೌಡರ ವಿಷಯಕ್ಕೆ ಬರಲಿಕ್ಕೆ.

ಗೌಡರು ಮರಳುದಿನ್ನೆ ಯುದ್ಧದ ವೀರರು. ಈಗ ಮೂವತ್ತೈದು ವರ್ಷದ ಹಿಂದೆ ಹೊಳೆಯ ನಡುವಿನ ಮರಳುದಿನ್ನೆ ಯಾರದೆಂಬ ಜಗಳಕ್ಕೆ ಆಚೆ ದಂಡೆಯ ಊರಿನವರು ನಾನೂರು ಜನ ಕಟ್ಟಿಕೊಂಡು ಬೆಳಗಿನ ಹೊತ್ತು ದಂಡೆತ್ತಿ ಬಂದರು. ನಮ್ಮ ದಂಡಿನಲ್ಲಿ ಇದ್ದವರು ನಲವತ್ತು ಜನ. ಆಗ ಗೌಡರು ಹುಕುಂ ಕೊಟ್ಟರು, ಒಬ್ಬೊಬ್ಬ ಸಿಪಾಯಿ ಕೋಟೆಗೋಡೆಯ ಮೇಲೆ ಮೂರು ಮೂರು ಒಲೆ ಹಚ್ಚಬೇಕು ಅಂತ. ಒಲೆಯ ಹೊಗೆ ಎಣಿಸಿ ದಂಡು ಎಷ್ಟಿದೆ ಎಂದು ಅಳೆಯುವುದು ಈ ಕಡೆಯ ರೂಢಿ. ನೂರಿಪ್ಪತ್ತು ಹೊಗೆ ಕಂಡ ಶತ್ರುಗಳು ಒಳಗೆ ಸಾವಿರ ಜನ ಉಣ್ಣುತ್ತಿದ್ದಾರೆ ಅಂದುಕೊಂಡು, ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂತಿರುಗಿದರು. ಮಧ್ಯಾಹ್ನ ಗೌಡರು ಮೈತುಂಬ ಧೂಳಾಗಿ ಗೋಡೆಯ ಮೇಲೆ ಕಾಣಿಸಿಕೊಂಡಾಗ ಜನ ಅವರನ್ನು ಎತ್ತಿಕೊಂಡು ಊರು ಸುತ್ತಿದರು. ಒಂದು ಹನಿ ರಕ್ತ ಬೀಳದೆ ಗೆದ್ದ ಯುದ್ಧ. ನಾನೂ ಆ ಮೆರವಣಿಗೆಯಲ್ಲಿ ಕುಣಿದವನೇ. ಅದರ ಮರುವಾರವೇ ಅವರಿಗೊಂದು ಕಲ್ಲು ತೆಗೆದಿಟ್ಟೆ. ನನ್ನ ಕೈಯಿಂದ ಅಷ್ಟು ಒಳ್ಳೆಯ ಕಲ್ಲು ಮತ್ತೆ ಬರಲಿಲ್ಲ.

ಗೌಡರ ನಡವಳಿಕೆಯೊಂದು ಮಾತ್ರ ಎಲ್ಲರಿಗಿಂತ ತಿರುವುಮುರುವು. ವರ್ಷವಿಡೀ ಅವರು ರಸ್ತೆ ದಾಟುವಾಗ ಎರಡೂ ಕಡೆ ನೋಡುತ್ತಿದ್ದರು. ಬಾವಿಕಟ್ಟೆಯ ಹತ್ತಿರ ಸುಳಿಯುತ್ತಿರಲಿಲ್ಲ, ಮಳೆ ಬಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದರು. ಜನ ಅದನ್ನು ಸೈನಿಕರ ಶಿಸ್ತು ಅಂದರು. ಒಂಬತ್ತರ ದಿನ ಮಾತ್ರ, ಎಲ್ಲ ದೊಡ್ಡವರೂ ಹಾಸಿಗೆಯ ಮಧ್ಯೆ ನಡುಗುತ್ತ ಕೂತಿರುವಾಗ, ಗೌಡರು ಪೇರಲಹಣ್ಣು ಕಡಿಯುತ್ತ ಬಜಾರಿನಲ್ಲಿ ತಿರುಗುತ್ತಿದ್ದರು. ಜನ ಅದನ್ನು ಗಂಡೆದೆ ಅಂದರು. ಕಣ್ಣೆದುರಿಗೆ ಇಷ್ಟು ದೊಡ್ಡ ಸುಳಿವು ಮೂವತ್ತೊಂದು ವರ್ಷ ಓಡಾಡಿದರೂ ನಮಗೆ ತಿಳಿಯಲಿಲ್ಲ ಅಂದರೆ, ನಮ್ಮ ತಲೆಯಲ್ಲಿ ಏನಿತ್ತು ಅಂತ ನೀವೇ ಊಹಿಸಿ.

ಯುದ್ಧವಾಗಿ ಮೂವತ್ತೊಂದನೆಯ ವರ್ಷ, ಆಗಸ್ಟಿನಲ್ಲಿ ಗೌಡರಿಗೆ ಕೆಮ್ಮು, ಜ್ವರ ಹಿಡಿಯಿತು. ಕಮಲಾಕರ ಡಾಕ್ಟರ ದವಾಖಾನೆಗೆ ಹೋದರು. ಅಲ್ಲಿ ಬಾಗಿಲಲ್ಲೇ ಬೋರ್ಡಿದೆ: 'ಗಣ್ಯರಿಗೆ ಡಿಸೆಂಬರ್ ಮೊದಲ ವಾರ ಮಾತ್ರ'. ಸಾಯಲಾರದವರಿಗೆ ಔಷಧಿ ಹಾಕಿ ಸಾಯಬಲ್ಲವರಿಗೆ ಕಡಿಮೆ ಮಾಡುವುದು ಯಾವ ನ್ಯಾಯ ಅನ್ನುವುದು ಡಾಕ್ಟರ ವಾದ. ಅದೂ ಸರಿಯೇ.

"ಗೌಡ್ರ, ಇದು ಆಗಸ್ಟ್ ಐತಿ. ನಿಮಗೇನ ಆಗೂದೈತಿ?" ಅಂದರಂತೆ ಡಾಕ್ಟರು ನಗುತ್ತ. "ಡಿಸೆಂಬರದಾಗ ಬರ್ರಿ, ಸಾವಕಾಶ ನೋಡೂಣಂತ."

ಅಲ್ಲಿಂದ ಗೌಡರು ಸೀದಾ ನಾನು ಕಲ್ಲು ಕೆತ್ತುವ ಕೊಟ್ಟಿಗೆಗೆ ಬಂದರು. ಬಂದವರು ರೂಢಿಯಂತೆ, ನೆಲಕ್ಕೆ ಮಲಗಿಸಿಟ್ಟಿದ್ದ ತಮ್ಮ ಕಲ್ಲಿನ ಮೇಲೇ ಕೂತರು. ದಿನವೂ ಸಂಜೆ ಬಂದು ಅದರ ಮೇಲೆ ಕೂತು ಎಲೆ ಹಾಕಿಕೊಳ್ಳುವುದು ಅವರ ಪದ್ಧತಿ. ಅವತ್ತು ಎಲೆ ತೆಗೆಯಲಿಲ್ಲ. ಬೆರಳಿನಿಂದ ತಾರೀಖನ್ನು ಸವರುತ್ತ ಕೂತರು. ಮೈಯ ಕಾವು ನಾನು ಕೂತಲ್ಲಿಗೇ ತಾಗುತ್ತಿತ್ತು.

"ಮೋನಪ್ಪ, ಈ ಒಂಬತ್ತನ್ನ ಕೆರದ ತಗೀಲಿಕ್ಕೆ ಬರ್ತದೇನು?"

"ಯಾಕ್ರೀ ಗೌಡ್ರ, ಅಕ್ಷರ ಸೇರಲಿಲ್ಲೇನು?"

"ಅಕ್ಷರ ಚಲೋ ಅದಾವ. ಅವು ನನ್ನವಲ್ಲ." ಸ್ವಲ್ಪ ಹೊತ್ತು ಕೆಮ್ಮಿದರು. "ನಾನು ದಳವಾಯಿ ಅಲ್ಲೋ ಮಾರಾಯ. ನಾ ಯಾವತ್ತ ಬೇಕಾದ್ರೂ ಸಾಯಬಹುದು. ಇವತ್ತು ಸಾಯಬಹುದು."

ಆಮೇಲೆ ಎಲ್ಲ ಹೇಳಿದರು. ಆ ದಿನ ಬೆಳಿಗ್ಗೆ ಹೊಳೆಯಾಚೆ ನಾನೂರು ತಲೆ ಕಂಡ ಕೂಡಲೇ ಗೌಡರು ಹೆದರಿ ಹಿಂದಕ್ಕೆ ಓಡಿದರು. ಕೋಟೆಯೊಳಗೆ ಜೋಳ ತುಂಬಿಡುವ ನೆಲದ ಹಗೇವು ಇದೆಯಲ್ಲ, ಹಗ್ಗದ ಏಣಿ ಬಿಟ್ಟುಕೊಂಡು ಅದರೊಳಗೆ ಇಳಿದು ಕೂತುಬಿಟ್ಟರು. ಇಳಿಯುವಾಗ ಅವರನ್ನು ನೋಡಿದ್ದು ಒಬ್ಬಳೇ, ದಂಡಿನವರಿಗೆ ರೊಟ್ಟಿ ಬಡಿಯುವ ಫಕೀರವ್ವ. ಅವಳು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಅಂಗಳಕ್ಕೆ ಬಂದು, "ದಳವಾಯಿ ಹುಕುಂ! ಒಬ್ಬೊಬ್ಬರು ಮೂರ ಮೂರ ಒಲಿ ಹಚ್ಚರಿ" ಅಂತ ಕೂಗಿದಳು. ಒಲೆಯ ಯೋಚನೆ ಅವಳದು, ಹುಕುಂ ಅವಳದು, ಗೆಲುವೂ ಅವಳದು. ಸಿಪಾಯಿಗಳು ಗೌಡರೇ ಹೇಳಿ ಕಳಿಸಿದ್ದಾರೆ ಅಂದುಕೊಂಡರು. ಮಧ್ಯಾಹ್ನ ಹಗೇವಿನಿಂದ ಮೇಲೆ ಬಂದಾಗ ಮೈಮೇಲಿದ್ದದ್ದು ಯುದ್ಧದ ಧೂಳಲ್ಲ, ಜೋಳದ ಹೊಟ್ಟು.

ನನಗೆ ಮೊದಲು ನಗು ಬಂತು. ಅದರ ಬೆನ್ನಿಗೇ ಸಿಟ್ಟು ಬಂತು. ಊರ ಹೊರಗಿನ ಬಂಡೆಯಲ್ಲಿ ಮೂರು ದಿನ ಹುಡುಕಿ ತೆಗೆದ ಕಲ್ಲು ಅದು. ಇವರಿಗಾಗಿ ಅಷ್ಟು ನಯ ಮಾಡಿದೆನಲ್ಲ, ಮೆರವಣಿಗೆಯಲ್ಲಿ ಹುಚ್ಚನಂತೆ ಕುಣಿದೆನಲ್ಲ ಅನ್ನಿಸಿತು. ಎರಡು ಮಾತು ಬಿಗಿಯಾಗಿ ಅನ್ನೋಣವೆಂದು ತಿರುಗಿದರೆ ಮುದುಕರು ಬಿಸಿಲಿನಲ್ಲೇ ನಡುಗುತ್ತಿದ್ದರು. ಸಿಟ್ಟನ್ನು ಆಮೇಲಕ್ಕೆ ಇಟ್ಟುಕೊಂಡು ಅವರ ಕೈ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದೆ.

ಡಾಕ್ಟರು ಎಲ್ಲ ಕೇಳಿ ಬಾಗಿಲು ಮುಂದೆ ಮಾಡಿದರು. ಎದೆಗೆ ಕೊಳವೆ ಇಟ್ಟು ನೋಡಿದರು. ನಗು ಹೋಯಿತು. "ನಿಮೋನಿಯಾ ಆಗೇತಿ. ದಳವಾಯಿ ಅಲ್ಲ ಅಂದ್ರ ನಾಕೈದು ದಿನದ ಮಾತು" ಅಂದರು. ಹಾಗಾದರೆ ಸೂಜಿ ಹಾಕಿ ಅಂದೆ. ಅವರು ತಲೆಯಾಡಿಸಿದರು. ಅವರ ಹಿಂದೆ ಇದ್ದ ಡಾಕ್ಟರು ಒಬ್ಬ ಮಂತ್ರಿಗೆ ಮೇ ತಿಂಗಳಲ್ಲಿ ಸೂಜಿ ಹಾಕಿದ್ದರು. ಮಂತ್ರಿಯ ದೊಡ್ಡಸ್ತಿಕೆಯ ಮೇಲೇ ಡಾಕ್ಟರಿಗೆ ಅನುಮಾನ ಅಂತ ಜನ ದವಾಖಾನೆಯ ಕಿಟಕಿ ಬಾಗಿಲು ಮುರಿದು ಅವರನ್ನು ಊರು ಬಿಡಿಸಿದ್ದರು.

"ನೀವು ದಳವಾಯಿ ಅಲ್ಲ ಅನ್ನೂದನ್ನ ಊರ ಮುಂದ ನೀವ ಹೇಳ್ರಿ. ಜನ ಒಪ್ಪಲಿ. ಅಲ್ಲೇ ನಿಂತು ಸೂಜಿ ಹಾಕ್ತೀನಿ" ಅಂದರು.

ಗೌಡರಿಗೆ ಅತ್ತ ದರಿ ಇತ್ತ ಪುಲಿ. ಹೇಳದಿದ್ದರೆ ಜೀವ ಹೋಗುತ್ತದೆ, ಆಗಸ್ಟಿನಲ್ಲಿ ಸತ್ತ ಮೇಲೆ ಗುಟ್ಟು ಹೇಗೂ ಬಯಲಾಗುತ್ತದೆ. ಹೇಳಿದರೆ ಜೀವ ಉಳಿಯುತ್ತದೆ, ಆದರೆ ಮೂವತ್ತೊಂದು ವರ್ಷ ಕೈ ಮುಗಿದವರ ಮುಖವನ್ನು ದಿನವೂ ನೋಡಬೇಕು. ಎರಡು ದಿನ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದರು. ಮೂರನೆಯ ದಿನ ನಾನು ತಡೆಯಲಾರದೆ ಫಕೀರವ್ವನ ಹತ್ತಿರ ಹೋದೆ.

ಅವಳು ದಂಡಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅರವತ್ತೈದು ದಾಟಿದ್ದರೂ ಕೈಯ ಸದ್ದು ಹೊರಗಿನ ಬೇವಿನ ಮರದವರೆಗೆ ಕೇಳುತ್ತದೆ. ನಾನು ವಿಷಯ ಎತ್ತಿದ ಕೂಡಲೇ ಸದ್ದು ನಿಂತಿತು.

"ಗೌಡ್ರು ತಾವ ಹೇಳಿದ್ರೇನು?"

"ತಾವ ಹೇಳಿದ್ರು. ನೀ ಬಂದು ಒಂದ ಮಾತ ಹೇಳವ್ವ. ಅವರ ಬಾಯಿಂದ ಮಾತು ಬರವಲ್ದು."

"ಒಂಬತ್ತನೇ ತಾರೀಖು ದಂಡಿನವರು ಏನ ತಿಂತಾರ, ಗೊತ್ತೈತೇನು ನಿನಗ?" ಅಂತ ಕೇಳಿದಳು.

"ಅವಲಕ್ಕಿ."

"ಯಾಕ?"

"ಅವತ್ತ ನಿನಗ ತಲಿನೋವು ಇರ್ತೈತಲ್ಲ."

"ಮೂವತ್ತೊಂದ ವರ್ಷ ತಪ್ಪದ ಒಂದ ತಾರೀಖಿಗೆ ತಲಿನೋವು ಬರ್ತೈತೇನೋ ಮಾರಾಯ?"

ಆಗ ನನ್ನ ತಲೆಗೆ ಹೊಳೆಯಿತು. ಒಂಬತ್ತರ ದಿನ ಈ ಹೆಂಗಸು ಬೆಂಕಿ ಮುಟ್ಟದೆ, ಬಾಗಿಲು ಹಾಕಿಕೊಂಡು, ತನ್ನ ಗುಡಿಸಲ ಮಧ್ಯೆ ಒಬ್ಬಳೇ ಕೂತಿರುತ್ತಿದ್ದಳು. ಕಾವಲಿಗೆ ಜನವಿಲ್ಲ, ಸೋಸಿದ ಗಂಜಿ ತಂದುಕೊಡುವವರಿಲ್ಲ. ದಳವಾಯಿಯ ಹೆದರಿಕೆಯೊಂದು ಅವಳ ಪಾಲಿಗೆ ಬಂದಿತ್ತು, ಹಾರ ತುರಾಯಿಗಳೆಲ್ಲ ಇನ್ನೊಬ್ಬರ ಪಾಲಿಗೆ.

"ಅವಾಗ ಯಾಕ ಹೇಳಲಿಲ್ಲ?"

"ರೊಟ್ಟಿ ಬಡಿಯೋಕಿ ದಂಡು ನಡಿಸಿದ್ಲು ಅಂದ್ರ ನೀನ ನಂಬತಿದ್ದಿ? ಅದೂ ಹೋಗಲಿ. ಹಗೇವಿನಿಂದ ಎದ್ದ ಬಂದಾಗ ಆ ಮನಿಶ್ಯಾ ನನ್ನ ಮಾರಿ ನೋಡಿದ್ರು. ಆ ನೋಟ ನೋಡಿದ ಮ್ಯಾಲ ನನಗ ಹೇಳಾಕ ಮನಸ ಬರಲಿಲ್ಲ." ಮತ್ತೆ ಹಿಟ್ಟಿಗೆ ಕೈ ಹಾಕಿದಳು. "ಈಗೂ ನಾ ಮೊದಲ ಹೇಳೂದಿಲ್ಲ. ಅವರ ಬಾಯಿಂದನ ಬರಲಿ. ಆಮ್ಯಾಲ ನಾ ಅದೀನಿ."

ಇದನ್ನು ಹೋಗಿ ಗೌಡರಿಗೆ ಹೇಳಿದೆ. ಅವಲಕ್ಕಿಯ ಮಾತು ಕೇಳಿ ಅವರು ಗೋಡೆಯಿಂದ ಇತ್ತ ತಿರುಗಿದರು. ಅವರಿಗೂ ಅದು ಗೊತ್ತಿರಲಿಲ್ಲ. ಎದ್ದು ಕೂತು, "ನನ್ನ ಅಂಗಿ ಕೊಡು" ಅಂದರು.

ಅಂದು ಶುಕ್ರವಾರ. ಶುಕ್ರವಾರ ಸಂಜೆ ಚಾವಡಿಯಲ್ಲಿ ಊರ ಸಭೆ. ಗೌಡರು ನನ್ನ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. ಪ್ರಧಾನ ತೋಟಪ್ಪನವರು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಗೌಡರು ಕೂರಲಿಲ್ಲ. ನಿಂತೇ, ಉಸಿರು ಸಿಕ್ಕಷ್ಟು ಸಿಕ್ಕಷ್ಟಾಗಿ ಹೇಳಿದರು. ತಾನು ಹೆದರಿದ್ದು, ಹಗೇವಿಗೆ ಇಳಿದದ್ದು, ಜೋಳದ ಮೇಲೆ ಕೂತು ಕಿವಿ ಮುಚ್ಚಿಕೊಂಡದ್ದು. ಹುಕುಂ ಕೊಟ್ಟವಳು ಫಕೀರವ್ವ ಅಂತಲೂ ಹೇಳಿದರು. ಒಂದನ್ನೂ ಬಿಡಲಿಲ್ಲ.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. "ನೋಡ್ರಿ, ಎಂಥಾ ವಿನಯ" ಅಂದರು ಒಬ್ಬರು. "ಗೆದ್ದದ್ದನ್ನ ಅಡಗಿ ಮಾಡೋಕಿಗೆ ಬಿಟ್ಟುಕೊಡೂದಂದ್ರ ಸಣ್ಣ ಮಾತಲ್ಲ" ಅಂದರು ಇನ್ನೊಬ್ಬರು. ಗೌಡರು ಅಲ್ಲ ಅಲ್ಲ ಅಂದಷ್ಟೂ ಚಪ್ಪಾಳೆ ಜೋರಾಯಿತು. ತೋಟಪ್ಪನವರು, "ಗೌಡ್ರಿಗೆ ಜ್ವರ ತಲಿಗೇರೇತಿ. ಆದ್ರ ದೊಡ್ಡವರ ಬಡಬಡಿಕಿಯೊಳಗೂ ದೊಡ್ಡತನ ಇರ್ತೈತಿ" ಅಂತ ಭಾಷಣ ಶುರುಮಾಡಿದರು. ಸುಳ್ಳು ಹೇಳಿ ನಂಬಿಸುವುದು ನಮ್ಮೂರಿನಲ್ಲಿ ಸಲೀಸು, ನಿಜ ಹೇಳಿ ನಂಬಿಸಲು ಏಳು ಕೆರೆ ನೀರು ಕುಡಿಯಬೇಕು. ಡಾಕ್ಟರು ಚೀಲ ಹಿಡಿದು ಕಂಬದ ಪಕ್ಕ ನಿಂತಿದ್ದರು. ನಾನು ಅವರ ಮುಖ ನೋಡಿದೆ, ಅವರು ಜನರ ಮುಖ ನೋಡಿದರು. ಗೌಡರು ಮೆಟ್ಟಿಲ ಮೇಲೆ ಕುಸಿದರು. ಆ ಚಪ್ಪಾಳೆಯ ನಡುವೆ ಈ ಮನುಷ್ಯ ಸತ್ತೇಹೋಗುತ್ತಾರೆ ಅಂತ ನನಗೆ ಅಳು ಬಂತು.

"ದಳವಾಯಿ ಹುಕುಂ."

ದನಿ ಹಿಂದಿನಿಂದ ಬಂತು. "ಒಬ್ಬೊಬ್ಬರು ಮೂರ ಮೂರ ಒಲಿ ಹಚ್ಚರಿ."

ಆಗಿನ ನಲವತ್ತು ಸಿಪಾಯಿಗಳಲ್ಲಿ ಇಪ್ಪತ್ತಾರು ಜನ ಇನ್ನೂ ಇದ್ದರು. ಮುದುಕರಾಗಿ, ಸಭೆಯ ಮುಂದಿನ ಸಾಲಿನಲ್ಲಿ ತೂಕಡಿಸುತ್ತ ಕೂತಿದ್ದರು. ಆ ದನಿ ಕಿವಿಗೆ ಬಿದ್ದದ್ದೇ ತಡ, ಇಪ್ಪತ್ತಾರೂ ಜನ ಎದ್ದು ನಿಂತರು. ಒಬ್ಬನಂತೂ ಸೌದೆ ತರಲು ನಾಲ್ಕು ಹೆಜ್ಜೆ ಓಡಿದ. ಓಡಿದವನು ನಿಂತು, ಹಿಂತಿರುಗಿ ಫಕೀರವ್ವನನ್ನು ನೋಡಿದ. "ಇದ ದನಿ" ಅಂದ. "ಅವತ್ತ ನಾವು ಕೇಳಿದ್ದು ಇದೊಂದ ದನಿ. ಗೌಡ್ರ ದನಿ ನಾವ್ಯಾರೂ ಕೇಳಿದ್ದಿಲ್ಲ." ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹೌದು ಕೇಳಿದ್ದಿಲ್ಲ, ಕೇಳಿದ್ದಿಲ್ಲ ಅನ್ನತೊಡಗಿದರು. ಚಪ್ಪಾಳೆ ನಿಂತಿತು.

ಫಕೀರವ್ವ ಹಿಟ್ಟಿನ ಕೈಯಲ್ಲೇ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಡಾಕ್ಟರ ಮುಂದೆ ನಿಂತು, "ದಳವಾಯಿ ಹುಕುಂ. ಸೂಜಿ ಹಾಕ್ರಿ" ಅಂದಳು. ಈ ಸಲ ಡಾಕ್ಟರು ಯಾರ ಮುಖವನ್ನೂ ನೋಡಲಿಲ್ಲ.

ಗೌಡರು ಬದುಕಿದರು. ಆದರೆ ಊರು ಸುಮ್ಮನೆ ಬಿಡಲಿಲ್ಲ. ಚಾವಡಿಯ ಫೋಟೋ ಇಳಿಯಿತು. ಪರ್ವತಗೌಡ ಚೌಕಕ್ಕೆ ಈಗ ಬಸ್ ಸ್ಟ್ಯಾಂಡ್ ಚೌಕ ಅನ್ನುತ್ತಾರೆ. ಫಕೀರವ್ವನಿಗೆ ದಳವಾಯಿ ಪೇಟ ಸುತ್ತಿ ಫೋಟೋ ತೆಗೆಸಿದರು. ಅವಳು ಒಲೆಯ ಶಾಖಕ್ಕೆ ಸೆಖೆಯಾಗುತ್ತದೆಂದು ಪೇಟವನ್ನು ಅಡುಗೆಮನೆಯ ಮೊಳೆಗೆ ನೇತುಹಾಕಿದಳು. ಗೌಡರು ಬಜಾರಿನಲ್ಲಿ ಹೋದರೆ ಕೆಲವರು ಬೇಕೆಂತಲೇ 'ಜೋಳ ಹೆಂಗ್ರೀ ಗೌಡ್ರ' ಅಂತ ಕೇಳುತ್ತಿದ್ದರು. 'ಒಳಗ ಕುಂತ್ರ ಚಲೋ ಬೆಚ್ಚಗಿರ್ತೈತಿ' ಅನ್ನುತ್ತಿದ್ದರು ಗೌಡರು. ಒಂದು ವರ್ಷದಲ್ಲಿ ಕೇಳುವವರಿಗೇ ಬೇಸರ ಬಂತು. ನಾನು ಆಮೇಲಕ್ಕೆ ಇಟ್ಟುಕೊಂಡಿದ್ದ ಸಿಟ್ಟೂ ಎಲ್ಲೋ ಕಳೆದುಹೋಯಿತು.

ಅವರ ದಿನವೆಲ್ಲ ಈಗ ದಂಡಿನ ಅಡುಗೆಮನೆಯಲ್ಲಿ ಕಳೆಯುತ್ತಿತ್ತು. ಮೆಣಸಿನಕಾಯಿ ತೊಟ್ಟು ಮುರಿಯುವುದು, ಕಾಳು ಹಸನು ಮಾಡುವುದು. ಡಿಸೆಂಬರ್ ಒಂಬತ್ತಕ್ಕೆ ಮಾತ್ರ ಪೇರಲಹಣ್ಣು, ಬಜಾರು ಎಲ್ಲ ಬಂದ್. ಬೆಳಗಾಗುವ ಮೊದಲೇ ಫಕೀರವ್ವನ ಗುಡಿಸಲಿಗೆ ಹೋಗಿ, ಅವಳನ್ನು ಮಧ್ಯೆ ಕೂರಿಸಿ, ಬಾಗಿಲಲ್ಲಿ ತಾವು ಕೂರುತ್ತಿದ್ದರು. ಗಂಜಿಯನ್ನು ಮೂರು ಸಲ ಸೋಸಿ, ಮೊದಲು ತಾವು ಒಂದು ಗುಟುಕು ಕುಡಿದು ನೋಡಿ ಅವಳಿಗೆ ಕೊಡುತ್ತಿದ್ದರು. "ನಿಮ್ಮ ಸೋಸೂದು ನೋಡಿನ ನನ್ನ ಜೀವ ಹೋಗ್ತೈತಿ" ಅಂತ ಅವಳು ಬೈಯುತ್ತಿದ್ದಳು. ಬೈಯುತ್ತಲೇ ಕುಡಿಯುತ್ತಿದ್ದಳು. ಇಬ್ಬರೂ ಸೂರ್ಯ ಮುಳುಗುವವರೆಗೆ ಚೌಕಾಬಾರ ಆಡುತ್ತಿದ್ದರು.

ಹೀಗೆ ನಾಲ್ಕು ಡಿಸೆಂಬರ್ ಕಳೆದವು. ಆಮೇಲಿನ ಏಪ್ರಿಲ್ ಎರಡಕ್ಕೆ, ಬೇವಿನ ಮರದ ಕೆಳಗೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದ ಗೌಡರು ಕೂತಲ್ಲೇ ಪಕ್ಕಕ್ಕೆ ಒರಗಿದರು. ನಮ್ಮಂಥವರು ಸಾಯುವ ಹಾಗೇ ಸತ್ತರು, ಅರ್ಧ ಕೆಲಸ ಹಾಗೇ ಬಿಟ್ಟು.

ಮಣ್ಣು ಮಾಡಿದ ಮರುದಿನ ಫಕೀರವ್ವ ನನ್ನನ್ನೂ ಕರೆದುಕೊಂಡು ಚಾವಡಿಗೆ ಹೋದಳು. ಗೌಡರಿಗೆ ಸಾಲಿನಲ್ಲಿ ಕಲ್ಲು ನೆಡಬೇಕು ಅಂದಳು. ತೋಟಪ್ಪನವರು ಬಹಳ ಮರ್ಯಾದೆಯಿಂದಲೇ, "ಏಪ್ರಿಲ್ ಎರಡಕ್ಕ ಸತ್ತವರಿಗೆ ಸಾಲಿನಾಗ ಜಾಗ ಇಲ್ಲವ್ವ. ನೀವ ಬಲ್ಲಿರಿ" ಅಂದರು.

"ಸಾಲಿನಾಗ ಎಷ್ಟ ಕಲ್ಲ ಅದಾವ್ರಿ?"

"ನೂರಾ ಹದಿನೇಳು."

"ಅದರಾಗ ಊರ ಮುಂದ ನಿಂತು ನಾ ಹೆದರಿದ್ದೆ ಅಂತ ಹೇಳಿದಂವ ಒಬ್ಬ ಇದ್ರ ತೋರಸ್ರಿ. ನಾ ಸುಮ್ಮನ ಮನಿಗೆ ಹೋಗ್ತೀನಿ."

ತೋಟಪ್ಪನವರು ಮೀಸೆ ಸವರಿಕೊಂಡರು. ಒಂಬತ್ತರ ದಿನ ಹಾಸಿಗೆಯ ಮಧ್ಯೆ ಕೂತಿದ್ದು ಅವರಿಗೂ ನೆನಪಾಗಿರಬೇಕು. ಫಕೀರವ್ವ ಸೆರಗು ಬಿಗಿದುಕೊಂಡು, "ದಳವಾಯಿ ಹುಕುಂ" ಅಂದಳು.

ನನ್ನ ಕೊಟ್ಟಿಗೆಯಲ್ಲಿ ತಾರೀಖು ಇಲ್ಲದ ಕಲ್ಲು ಒಂದೂ ಇರಲಿಲ್ಲ. ಗೌಡರು ಕೂತು ಕೂತು ನುಣುಪಾಗಿದ್ದ ಅವರದೇ ಕಲ್ಲನ್ನು ಮಗುಚಿ ಹಾಕಿ, ಹಿಂದಿನ ಒರಟು ಮೈಯನ್ನು ಹದ ಮಾಡಿದೆ. ಹೆಸರು ಸಲೀಸಾಗಿ ಬಂತು. ತಾರೀಖಿಗೆ ಬಂದಾಗ ಕೈ ನಿಂತಿತು. ನಲವತ್ತೆರಡು ವರ್ಷದ ಕಸುಬಿನಲ್ಲಿ ನಾನು ಒಂದೇ ಒಂದು ದಿನವನ್ನು ಕೆತ್ತಿದವನು. ಕಣ್ಣು ಮುಚ್ಚಿದರೂ ಉಳಿ ತಾನಾಗಿ ಡಿಸೆಂಬರಿಗೇ ಹೋಗುತ್ತದೆ. ಕೊನೆಗೆ ಸೀಮೆಸುಣ್ಣದಲ್ಲಿ ಬರೆದುಕೊಂಡು, ಕಲಿಯುವವನ ಹಾಗೆ ತಡವರಿಸುತ್ತ 'ಏಪ್ರಿಲ್ ಎರಡು' ಎಂದು ಕೆತ್ತಿದೆ. ಅಕ್ಷರದ ಗೆರೆ ಸ್ವಲ್ಪ ಸೊಟ್ಟಗೆ ಹೋಗಿದೆ. ತಿದ್ದಲು ಹೋಗಲಿಲ್ಲ.

ಕಲ್ಲು ಈಗ ಸಾಲಿನ ಕೊನೆಯಲ್ಲಿ, ಹೊಳೆಗೆ ಹತ್ತಿರ ನಿಂತಿದೆ. ಸಂಜೆ ಹೊತ್ತು ಜನ ಆ ದಾರಿಯಲ್ಲಿ ಗಾಳಿಗೆ ಹೋಗುತ್ತಾರೆ. ನೂರಾ ಹದಿನೇಳು ಕಲ್ಲುಗಳನ್ನು ಮಾತಾಡುತ್ತ ದಾಟಿಬಿಡುತ್ತಾರೆ. ಏನು ಬರೆದಿದೆ ಅಂತ ಎಲ್ಲರಿಗೂ ಬಾಯಿಪಾಠ. ಕೊನೆಯದರ ಹತ್ತಿರ ಬಂದಾಗ ಮಾತ್ರ ನಿಂತು, ಬಗ್ಗಿ, ಓದುತ್ತಾರೆ.